ಡಾರ್ಟ್‌ಮೂರ್ ಗುಡ್ಡಗಳ ಕಲ್ಲುಸುತ್ತುಗಳು: ಮನೆ ಯಾವುದು, ಗೋರಿ ಯಾವುದು, ಕುರಿದೊಡ್ಡಿ ಯಾವುದು?

ಬೆಟ್ಟದಹಾದಿ:

ಎಲ್ಲರಿಗೂ ನಮಸ್ಕಾರ. ಮಾರ್ಚ್ ಮೊದಲ ವಾರ ನಾವು ಆರೇಳು ಮಂದಿ ಇಂಗ್ಲೆಂಡಿನ ಡೆವನ್ ಕಡೆಯ ಡಾರ್ಟ್‌ಮೂರ್‌ಗೆ ಹೋಗುವವರಿದ್ದೇವೆ. ಗ್ರಿಮ್ಸ್‌ಪೌಂಡ್ ಮತ್ತು ಮೆರಿವೇಲ್ ಖಚಿತ. ಸಮಯ ಉಳಿದರೆ ಶಾ ಮೂರ್ ಕಡೆಗೂ ಹೋಗಬೇಕೆಂದಿದೆ. ಕಂಚಿನ ಯುಗದ ದುಂಡುಮನೆಗಳ ಅವಶೇಷ ನೋಡುವುದೇ ಉದ್ದೇಶ.

ಬ್ರಿಟನ್ನಿನ ಸರ್ಕಾರಿ ನಕ್ಷೆಸಂಸ್ಥೆ ಆರ್ಡನೆನ್ಸ್ ಸರ್ವೆಯ 1:25,000 ನಕ್ಷೆಯಲ್ಲಿ (ಹಾಳೆ ಓಎಲ್ 28) ಗಾಥಿಕ್ ಅಕ್ಷರದಲ್ಲಿ ‘ಹಟ್ ಸರ್ಕಲ್’ (ದುಂಡುಮನೆಯ ಕಲ್ಲುಸುತ್ತು) ಎಂದು ಬರೆದಿರುವ ಜಾಗಗಳು ಲೆಕ್ಕವಿಲ್ಲದಷ್ಟಿವೆ. ಫೋಟೋಗಳಲ್ಲಿ ಮಾತ್ರ ಎಲ್ಲವೂ ಒಂದೇ ಥರ ಕಾಣುತ್ತವೆ, ಹುಲ್ಲಿನ ನಡುವೆ ಮೊಣಕಾಲೆತ್ತರದ ಕಲ್ಲುಗಳ ಸುತ್ತು. ಅದೇ ಗುಡ್ಡದಲ್ಲಿ ಸಮಾಧಿಯ ಕಲ್ಲುಗುಪ್ಪೆಗಳಿವೆ, ಕುರಿದೊಡ್ಡಿಗಳಿವೆ, ತವರ ತೆಗೆಯುವವರ ಗುಡಿಸಲುಗಳಿವೆ. ಜಾಗದಲ್ಲೇ ನಿಂತು ಇದು ಮನೆಯೇ ಎಂದು ಹೇಳುವುದು ಹೇಗೆ? ನಮ್ಮ ಹತ್ತಿರ 30 ಮೀಟರ್ ಟೇಪು, ದಿಕ್ಸೂಚಿ, ಫೋನು ಇವೆ. ಅಗೆಯದೆ, ಏನನ್ನೂ ಕದಲಿಸದೆ ಯಾವ ಅಳತೆ ತೆಗೆದುಕೊಂಡರೆ ಉಪಯೋಗಕ್ಕೆ ಬರುತ್ತದೆ? ಚಾವಣಿ ಹೇಗಿತ್ತು ಎಂಬುದನ್ನೂ ಬಲ್ಲವರು ತಿಳಿಸಬೇಕು. ಬುಡದ ಕಲ್ಲಷ್ಟೇ ನೋಡಿ ಬಂದರೆ ಅರ್ಧ ಮನೆ ನೋಡಿದಂತೆ.


ಕಲ್ಲುಗೋಡೆ:

ಸುತ್ತು ಎಷ್ಟು ದುಂಡಗಿದೆ ಎಂದು ನೋಡುತ್ತಾ ಕೂರಬೇಡಿ, ಗೋಡೆಯನ್ನು ನೋಡಿ. ದುಂಡಗಿರುವುದು ಹತ್ತು ವಸ್ತುಗಳಿರಬಹುದು. ಒಳಮುಖ, ಹೊರಮುಖ ಎರಡೂ ಇರುವ ಗೋಡೆ ಮತ್ತು ಬಾಗಿಲು ಒಟ್ಟಿಗೆ ಸಿಗುವುದು ಮನೆಯಲ್ಲಿ ಮಾತ್ರ.

ಡಾರ್ಟ್‌ಮೂರ್‌ನ ಮನೆಗೋಡೆ ಹೀಗಿರುತ್ತದೆ. ಒಳಬದಿಯಲ್ಲಿ ಗ್ರಾನೈಟಿನ ಚಪ್ಪಡಿಗಳನ್ನು ನೆಟ್ಟಗೆ, ಪಕ್ಕಪಕ್ಕ ಹೂತು ನಿಲ್ಲಿಸಿರುತ್ತಾರೆ. ಚಪ್ಪಡಿಯ ಸಪಾಟಾದ ಮುಖ ಮನೆಯೊಳಗೆ ತಿರುಗಿರುತ್ತದೆ. ಒಂದು, ಒಂದೂವರೆ ಮೀಟರ್ ಬಿಟ್ಟು ಹೊರಬದಿಯಲ್ಲಿ ಇನ್ನೊಂದು ಸಾಲು ಕಲ್ಲು. ಎರಡರ ನಡುವೆ ಸಣ್ಣಕಲ್ಲು, ಮಣ್ಣು ತುಂಬಿರುತ್ತಾರೆ. ಗಾರೆ ಇಲ್ಲವೇ ಇಲ್ಲ. ಹೊರಸಾಲು ಬಿದ್ದು ಹುಲ್ಲಿನಡಿ ಹೋಗಿರುವುದೇ ಹೆಚ್ಚು, ಒಳಸಾಲು ನಿಂತಿರುತ್ತದೆ. ಹಾಗಾಗಿ ಸುತ್ತಿನೊಳಗೆ ಕಾಲಿಟ್ಟು, ಕುಕ್ಕರಗಾಲಿನಲ್ಲಿ ಕೂತು ಒಳಗಿನಿಂದ ಗೋಡೆ ನೋಡಿ. ನಾಲ್ಕಾರು ಚಪ್ಪಡಿಗಳ ಸಪಾಟು ಮುಖಗಳು ಒಂದೇ ಬಾಗಿನಲ್ಲಿ ಕೂಡಿ ಬಂದರೆ ಅದು ಕಟ್ಟಿದ ಗೋಡೆ.

ಆಮೇಲೆ ಬಾಗಿಲು ಹುಡುಕಿ. ಬರೀ ಕಲ್ಲು ಬಿದ್ದ ಸಂದು ಬಾಗಿಲಲ್ಲ. ಬಾಗಿಲ ಎರಡೂ ಪಕ್ಕ ಉಳಿದವಕ್ಕಿಂತ ಎತ್ತರದ ನಿಲುಗಲ್ಲುಗಳಿರುತ್ತವೆ, ಅದೂ ಗೋಡೆಯ ದಿಕ್ಕಿಗೆ ಅಡ್ಡವಾಗಿ, ಗೋಡೆಯ ದಪ್ಪವನ್ನು ಮುಚ್ಚುವಂತೆ ನಿಂತಿರುತ್ತವೆ. ಅಡ್ಡ ನಿಂತ ಒಂದೇ ಒಂದು ಕಲ್ಲು ಸಿಕ್ಕರೂ ಸಾಕು, ಅದು ದೊಡ್ಡ ಸಾಕ್ಷಿ. ಕೆಲವು ಕಡೆ ಹೊಸ್ತಿಲ ಕಲ್ಲು ನೆಲಮಟ್ಟದಲ್ಲೇ ಉಳಿದಿದೆ. ಇನ್ನು ಕೆಲವು ಮನೆಗಳಲ್ಲಿ ಗಾಳಿ ನೇರ ನುಗ್ಗದಂತೆ ಬಾಗಿಲ ಮುಂದೆ ಬಾಗಿದ ತುಂಡುಗೋಡೆಯೂ ಇದೆ. ಗ್ರಿಮ್ಸ್‌ಪೌಂಡ್‌ನ 3ನೇ ನಂಬರಿನ ಮನೆಯಲ್ಲಿ ಈ ಪಡಸಾಲೆಯಂಥ ದಾರಿ, ಎರಡು ನಿಲುಗಲ್ಲು ಚೆನ್ನಾಗಿ ಕಾಣುತ್ತವೆ. ಅದರ ಮೇಲಿನ ಅಡ್ಡಕಲ್ಲು ಬಿದ್ದಿದೆ. ಮೊದಲು ಈ ಮನೆಯ ಮುಂದೆ ಹತ್ತು ನಿಮಿಷ ನಿಂತು ಕಣ್ಣು ಪಳಗಿಸಿಕೊಳ್ಳಿ, ಮಿಕ್ಕವು ತಾವಾಗಿ ಕಾಣಿಸುತ್ತವೆ.

ಮೂರನೆಯದು ನೆಲ. ಇಳಿಜಾರಿನಲ್ಲಿ ಮನೆ ಕಟ್ಟುವವರು ಮೇಲ್ಬದಿಯಲ್ಲಿ ಮಣ್ಣು ಕಡಿದು ಕೆಳಬದಿಗೆ ಸುರಿದು ನೆಲ ಮಟ್ಟ ಮಾಡಿದ್ದಾರೆ. ಸುತ್ತಿನೊಳಗಿನ ನೆಲ ಹೊರಗಿನ ಇಳಿಜಾರಿಗಿಂತ ಸಪಾಟಾಗಿದ್ದು, ಮೇಲ್ಬದಿ ಗುಡ್ಡಕ್ಕೆ ಕೊರೆದಂತಿದ್ದು, ಕೆಳಬದಿ ಹೊರಚಾಚಿದ ಜಗಲಿಯಂತಿದ್ದರೆ ಅನುಮಾನ ಬೇಡ.

ಇನ್ನು ಕಣ್ಣಿಗೆ ಮಣ್ಣೆರಚುವವು. ಎಲ್ಲಕ್ಕಿಂತ ಹೆಚ್ಚು ಮೋಸ ಮಾಡುವುದು ಕೊಳ್ಳೆ ಹೊಡೆದ ಸಮಾಧಿಗುಪ್ಪೆ. ನಿಧಿಯಾಸೆಗೆ ನಡುವೆ ತೋಡಿ ಕಲ್ಲನ್ನು ಸುತ್ತ ಎಸೆದಿರುತ್ತಾರೆ, ನೋಡಲು ಥೇಟ್ ಸುತ್ತುಗೋಡೆ. ಅದರ ನಡುಭಾಗ ಹೊರಗಿನ ನೆಲಕ್ಕಿಂತ ತಗ್ಗಾದ ಬಟ್ಟಲಿನಂತೆ ಇರುತ್ತದೆ ಹೊರತು ಸಪಾಟಿರುವುದಿಲ್ಲ. ಒಳಮುಖದಲ್ಲಿ ನೆಟ್ಟ ಚಪ್ಪಡಿ ಇರುವುದಿಲ್ಲ, ಕಲ್ಲೆಲ್ಲ ಎತ್ತಿ ಎಸೆಯಬಹುದಾದ ಗಾತ್ರದವು. ಬೇಕೆಂದೇ ವರ್ತುಲವಾಗಿ ಕಟ್ಟಿದ ಸಮಾಧಿಗುಪ್ಪೆಗಳೂ ಇವೆ. ಅವುಗಳ ದಿಬ್ಬ ಅಗಲ, ತಗ್ಗು, ಬಾಗಿಲಿಲ್ಲ. ಕುರಿದೊಡ್ಡಿ ಸಾಮಾನ್ಯವಾಗಿ ಚೌಕ ಅಥವಾ ಆಯ, ಗೋಡೆ ಸೊಂಟದೆತ್ತರಕ್ಕೆ ನಿಂತೇ ಇರುತ್ತದೆ, ಕಲ್ಲಿನ ಮೇಲೆ ಪಾಚಿ ಕಡಿಮೆ. ಹಳೆಯ ದುಂಡುಮನೆಯೊಳಗೇ ಕುರುಬರು ಆಮೇಲೆ ಸಣ್ಣ ಚೌಕಗೂಡು ಕಟ್ಟಿಕೊಂಡಿರುವುದೂ ಉಂಟು. ಅಂಥಲ್ಲಿ ಎರಡೂ ನಿಜವೇ, ಯಾವುದರ ಮೇಲೆ ಯಾವುದು ಕೂತಿದೆ ಎಂದು ನೋಡಬೇಕು. ತವರದವರ ಗುಡಿಸಲು ಆಯಾಕಾರ, ತೊರೆಯ ದಂಡೆಯಲ್ಲಿ, ಅಗೆದು ಗುಡ್ಡೆ ಹಾಕಿದ ಕಲ್ಲುಗಳ ನಡುವೆ ಇರುತ್ತದೆ. ಮಧ್ಯಯುಗದ ಮನೆಗಳೂ ಉದ್ದುದ್ದ ಆಯ, ಹೌಂಡ್ ಟಾರ್ ಕೆಳಗಿನ ಪಾಳು ಹಳ್ಳಿ ನೋಡಿದರೆ ವ್ಯತ್ಯಾಸ ತಕ್ಷಣ ತಿಳಿಯುತ್ತದೆ. ಪೀಟ್ (ಜೌಗಿನಲ್ಲಿ ಅರೆಕೊಳೆತ ಗಿಡಗಳ ಕಪ್ಪುಮಣ್ಣು) ಸುಟ್ಟು ಇದ್ದಿಲು ಮಾಡಿದ ದುಂಡು ದಿಬ್ಬಗಳು, ಸೇನೆಯ ಗುಂಡು ಬಿದ್ದ ಕುಳಿಗಳು ಕೂಡ ದೂರದಿಂದ ಸುತ್ತಿನಂತೆ ಕಾಣುತ್ತವೆ. ಹತ್ತಿರ ಹೋದರೆ ಕಲ್ಲೇ ಇರುವುದಿಲ್ಲ.

ಮೆರಿವೇಲ್‌ನಲ್ಲಿ ಒಂದು ಮಾತು ನೆನಪಿರಲಿ. ಮನೆಗಳ ನಡುವೆಯೇ ಒಂದು ದೊಡ್ಡ ದುಂಡು ಕಲ್ಲುಚಕ್ರ ಬಿದ್ದಿದೆ. ಅದು ಸೇಬು ಅರೆಯಲು ಕಡೆದು ಬಿಟ್ಟುಹೋದ ಕಲ್ಲು, ಕಂಚಿನ ಯುಗಕ್ಕೂ ಅದಕ್ಕೂ ಸಂಬಂಧವಿಲ್ಲ. ಕಲ್ಲು ಕೆಲಸದವರು ಅಲ್ಲಿ ಶತಮಾನಗಟ್ಟಲೆ ಓಡಾಡಿದ್ದಾರೆ ಎಂಬುದಕ್ಕೆ ಅದು ಗುರುತು. ಮನೆಗೋಡೆಯ ಒಳ್ಳೊಳ್ಳೆಯ ಚಪ್ಪಡಿ ಎಲ್ಲಿ ಮಾಯವಾದವು ಎಂದು ಕೇಳುವವರು ಹತ್ತಿರದ ಹೊಲಗಳ ಗೋಡೆಗಳನ್ನೂ ನೋಡಬೇಕು.


ನಕ್ಷೆಗಾರ:

ಅಳತೆಯ ವಿಷಯ ನಾನು ಹೇಳುತ್ತೇನೆ, ಅದಕ್ಕೆ ಮುಂಚೆ ಕಾನೂನು. ಅಲ್ಲಿನ ಬಹುಪಾಲು ನೆಲೆಗಳು 1979ರ ಪ್ರಾಚೀನ ಸ್ಮಾರಕ ಕಾಯ್ದೆಯಡಿ ಪಟ್ಟಿಯಾಗಿವೆ. ಕಲ್ಲು ಕದಲಿಸುವುದು, ಹುಲ್ಲುಹೆಂಟೆ ಕೀಳುವುದು, ಅಗೆಯುವುದು ಎಲ್ಲವೂ ಅಪರಾಧ. ಅನುಮತಿ ಇಲ್ಲದೆ ಲೋಹಶೋಧಕ ಬಳಸುವುದೂ ಅಪರಾಧವೇ. ಟೇಪು ನಿಲ್ಲಿಸಲು ಗೂಟ ಹೊಡೆಯುವುದನ್ನೂ ಬಿಡಿ. ಟೇಪಿನ ತುದಿಯನ್ನು ಒಬ್ಬರು ಹಿಡಿದುಕೊಳ್ಳಲಿ, ಇಲ್ಲವೇ ಮರಳು ತುಂಬಿದ ಸಣ್ಣ ಚೀಲ ಇಡಿ. ಕಲ್ಲಿನ ಮೇಲಿನ ಪಾಚಿ ಕೆರೆಯಬೇಡಿ, ಸೀಮೆಸುಣ್ಣದ ಗುರುತೂ ಬೇಡ.

ಮಾರ್ಚ್ ಆಯ್ದುಕೊಂಡದ್ದು ಒಳ್ಳೆಯದಾಯಿತು. ಬ್ರ್ಯಾಕನ್ ಎಂಬ ಜರಿಗಿಡ ಮೇ ಕೊನೆಯಿಂದ ಆಳೆತ್ತರ ಬೆಳೆದು ನಿಂತರೆ ಮನೆಯ ಮೇಲೆ ನಿಂತಿದ್ದರೂ ಕಾಣುವುದಿಲ್ಲ. ಶರತ್ಕಾಲದಲ್ಲಿ ಒಣಗಿ, ಚಳಿಗಾಲದಲ್ಲಿ ಮಲಗಿಬಿಡುತ್ತದೆ. ಚಳಿಗಾಲದಲ್ಲಿ ಅಲ್ಲಿಯವರು ಹೆದರ್, ಗಾರ್ಸ್ ಪೊದೆಗಳಿಗೆ ಹತೋಟಿಯಲ್ಲಿ ಬೆಂಕಿ ಕೊಡುತ್ತಾರೆ. ಹಾಗೆ ಸುಟ್ಟ ಜಾಗ ಸಿಕ್ಕರೆ ಬಿಡಬೇಡಿ, ಬೇರೆ ಸಮಯದಲ್ಲಿ ಮುಚ್ಚಿಹೋಗಿರುವ ಅಂಗೈಯಗಲದ ಕಲ್ಲೂ ಅಲ್ಲಿ ಎದ್ದು ಕಾಣುತ್ತದೆ. ಬ್ರ್ಯಾಕನ್ ಮರೆಮಾಡುವುದಷ್ಟೇ ಅಲ್ಲ, ಅದರ ನೆಲದಡಿಯ ಕಾಂಡಗಳು ಮನೆಯ ನೆಲದ ಪದರಗಳನ್ನೇ ಕಲಸಿಬಿಡುತ್ತವೆ. ಕುರಿದನಗಳ ತುಳಿತಕ್ಕಿಂತ ಇದು ದೊಡ್ಡ ಹಾನಿ ಎಂಬುದು ನನ್ನ ಅಭಿಪ್ರಾಯ.

ಬೆಳಕನ್ನು ಲೆಕ್ಕ ಹಾಕಿ ಹೊರಡಿ. ಸೂರ್ಯ 15 ಡಿಗ್ರಿ ಎತ್ತರದಲ್ಲಿದ್ದಾಗ 20 ಸೆಂಟಿಮೀಟರ್ ದಿಬ್ಬದ ನೆರಳು ಮುಕ್ಕಾಲು ಮೀಟರ್ ಬೀಳುತ್ತದೆ. ನಡುಹಗಲಿನಲ್ಲಿ ಆ ದಿಬ್ಬ ಇದೆಯೆಂದೇ ಗೊತ್ತಾಗುವುದಿಲ್ಲ. ಡಿಸೆಂಬರಿನಲ್ಲಿ ಅಲ್ಲಿ ಮಧ್ಯಾಹ್ನದ ಸೂರ್ಯನೇ 16 ಡಿಗ್ರಿಗಿಂತ ಮೇಲೇರುವುದಿಲ್ಲ. ಮಾರ್ಚಿನಲ್ಲಿ ಬೆಳಿಗ್ಗೆ ಮತ್ತು ಸಂಜೆಯ ಹೊತ್ತು ಫೋಟೋಗೆ, ನಡುಹಗಲು ಅಳತೆಗೆ ಇಟ್ಟುಕೊಳ್ಳಿ.

ಹೋಗುವ ಮುಂಚೆ ಪರಿಸರ ಏಜೆನ್ಸಿಯವರು ಉಚಿತವಾಗಿ ಕೊಡುವ 1 ಮೀಟರ್ ಲೈಡಾರ್ ದತ್ತಾಂಶವನ್ನು (ವಿಮಾನದಿಂದ ಲೇಸರ್ ಬೀರಿ ಅಳೆದ ನೆಲದ ಏರಿಳಿತ) ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ತೆರೆದು ನೋಡಿ. ಒಂದೇ ದಿಕ್ಕಿನ ಬೆಳಕಿನ ನೆರಳುಚಿತ್ರ ಮಾಡಿದರೆ ಆ ದಿಕ್ಕಿಗೆ ಸಮಾನಾಂತರವಾಗಿ ಓಡುವ ಗೋಡೆಗಳು ಕಾಣದೆ ಹೋಗುತ್ತವೆ, ಆದ್ದರಿಂದ ಹಲವು ದಿಕ್ಕಿನ ಬೆಳಕು ಸೇರಿಸಿದ ಚಿತ್ರ ಮಾಡಿಕೊಳ್ಳಿ. ಮಿತಿಯೂ ಗೊತ್ತಿರಲಿ. ಗೋಡೆಯೇ ಒಂದು ಮೀಟರಿನ ಆಸುಪಾಸು ದಪ್ಪ, ಅಂದರೆ ಚಿತ್ರದಲ್ಲಿ ಒಂದೆರಡು ಚುಕ್ಕಿ. ನಾಲ್ಕು ಮೀಟರಿಗಿಂತ ಸಣ್ಣ ಮನೆಗಳು ಬರೀ ಮಚ್ಚೆಯಂತೆ ಕಾಣುತ್ತವೆ ಅಥವಾ ಕಾಣುವುದೇ ಇಲ್ಲ. ಲೈಡಾರ್‌ನಲ್ಲಿ ಇಲ್ಲ ಎಂದಮಾತ್ರಕ್ಕೆ ನೆಲದಲ್ಲಿ ಇಲ್ಲ ಎಂದುಕೊಳ್ಳಬೇಡಿ.

ಈಗ ಟೇಪು. ಮೊದಲು ಬಾಗಿಲ ನಡುಬಿಂದುವಿನಿಂದ ಎದುರುಗೋಡೆಯ ಒಳಮುಖದವರೆಗೆ ಒಂದು ವ್ಯಾಸ, ಅದಕ್ಕೆ ಲಂಬವಾಗಿ ಇನ್ನೊಂದು ವ್ಯಾಸ. ಯಾವಾಗಲೂ ಒಳಮುಖದಿಂದ ಒಳಮುಖಕ್ಕೇ ಅಳೆಯಿರಿ, ಬಿದ್ದ ಕಲ್ಲಿನ ರಾಶಿಯ ಅಂಚಿನಿಂದ ಅಳೆದರೆ ಒಂದೆರಡು ಮೀಟರ್ ಸುಮ್ಮನೆ ಸೇರಿಕೊಳ್ಳುತ್ತದೆ. ಹಳೆಯ ವರದಿಗಳಲ್ಲಿ ಒಂದೇ ಮನೆಗೆ ಎರಡು ಗಾತ್ರ ಬರಲು ಇದೇ ಕಾರಣ. ಗೋಡೆಯ ದಪ್ಪವನ್ನು ಎರಡೂ ಮುಖ ಸ್ಪಷ್ಟವಿರುವ ಕಡೆ ಮಾತ್ರ, ಸಾಧ್ಯವಾದರೆ ನಾಲ್ಕು ಜಾಗದಲ್ಲಿ ತೆಗೆದುಕೊಳ್ಳಿ. ಅತಿ ಎತ್ತರದ ಕಲ್ಲಿನ ಎತ್ತರವನ್ನು ಒಳನೆಲದಿಂದ ಅಳೆಯಿರಿ. ಬಾಗಿಲ ಅಗಲ ನಿಲುಗಲ್ಲುಗಳ ನಡುವೆ. ಬಾಗಿಲ ದಿಕ್ಕಿಗೆ ಮನೆಯ ನಡುವೆ ನಿಂತು, ಬಾಗಿಲ ಮಧ್ಯಕ್ಕೆ ದಿಕ್ಸೂಚಿ ಹಿಡಿಯಿರಿ. ಆ ಪ್ರದೇಶದಲ್ಲಿ ಈಗ ಕಾಂತ ಉತ್ತರಕ್ಕೂ ನಕ್ಷೆಯ ಉತ್ತರಕ್ಕೂ ಇರುವ ಅಂತರ ತೀರಾ ಕಡಿಮೆ, ನಿಮ್ಮ ಕೈನಡುಕವೇ ಅದಕ್ಕಿಂತ ದೊಡ್ಡ ದೋಷ. ಫೋನನ್ನು ದಿಕ್ಸೂಚಿಯ ಪಕ್ಕ ಹಿಡಿಯದಿದ್ದರೆ ಸಾಕು.

ನಕ್ಷೆ ಬರೆಯುವುದಾದರೆ ಬಾಗಿಲ ವ್ಯಾಸದ ಮೇಲೆ ಟೇಪು ಹಾಸಿ, ಪ್ರತಿ ಮೀಟರಿಗೆ ಎಡಬಲಕ್ಕೆ ಲಂಬವಾಗಿ ಒಳಮುಖ, ಹೊರಮುಖಗಳ ದೂರ ಅಳೆದು 1:100ರಲ್ಲಿ ಚುಕ್ಕಿ ಇಡುತ್ತಾ ಹೋಗಿ. ಇಬ್ಬರಿದ್ದರೆ ಒಂದು ಮನೆಗೆ ಮುಕ್ಕಾಲು ಗಂಟೆ ಸಾಕು. ನೆಟ್ಟ ಕಲ್ಲು, ಮಲಗಿದ ಕಲ್ಲು ಎರಡಕ್ಕೂ ಬೇರೆ ಗುರುತು ಹಾಕಿ, ಇದನ್ನು ಬಿಟ್ಟ ನಕ್ಷೆ ಯಾರಿಗೂ ಪ್ರಯೋಜನವಿಲ್ಲ. ಸ್ಥಳಸೂಚಿಗೆ ಎಂಟಂಕಿಯ ಗ್ರಿಡ್ ಸಂಖ್ಯೆ ಬರೆಯಿರಿ. ಫೋನಿನ ಜಿಪಿಎಸ್ ಬಯಲಿನಲ್ಲೂ ಮೂರರಿಂದ ಐದು ಮೀಟರ್ ತಪ್ಪುತ್ತದೆ. ಹತ್ತಂಕಿ ಬರೆದರೆ ಒಂದು ಮೀಟರ್ ನಿಖರತೆ ಇದೆ ಎಂದು ಸುಳ್ಳು ಹೇಳಿದಂತಾಗುತ್ತದೆ. ನಕ್ಷೆಯಲ್ಲಿ ಇಲ್ಲದ ಮನೆ ಸಿಕ್ಕಿತೆಂದು ಅನ್ನಿಸಿದರೆ ಫೋಟೋ, ಗ್ರಿಡ್ ಸಂಖ್ಯೆ ಸಹಿತ ರಾಷ್ಟ್ರೀಯ ಉದ್ಯಾನದ ಪುರಾತತ್ವ ದಾಖಲೆ ವಿಭಾಗಕ್ಕೆ ಕಳಿಸಿ, ಅವರು ಪರಿಶೀಲಿಸಿ ಸೇರಿಸುತ್ತಾರೆ.

ಗ್ರಿಮ್ಸ್‌ಪೌಂಡ್‌ನಲ್ಲಿ ಅಳೆಯುವಾಗ ಎಚ್ಚರ. 1894ರಲ್ಲಿ ಡಾರ್ಟ್‌ಮೂರ್ ಶೋಧನಾ ಸಮಿತಿಯವರು ಅಗೆದ ಮೇಲೆ ಕೆಲವು ಗೋಡೆಗಳನ್ನು ಎತ್ತಿ ನಿಲ್ಲಿಸಿದ್ದಾರೆ. ಅಲ್ಲಿ ಅಚ್ಚುಕಟ್ಟಾಗಿ ನಿಂತಿರುವುದೆಲ್ಲ ಕಂಚಿನ ಯುಗದವರ ಕೈಕೆಲಸವಲ್ಲ.

ಇನ್ನೊಂದು ಮಾತು. ಗ್ರಿಮ್ಸ್‌ಪೌಂಡ್ ಮತ್ತು ಮೆರಿವೇಲ್‌ನ ಕಲ್ಲುಸಾಲುಗಳು (ಸಾಲಾಗಿ ನೆಟ್ಟ ಕಲ್ಲುಗಳು) ಎರಡೂ ಸೇನೆಯ ಗುಂಡಿನ ಅಭ್ಯಾಸದ ವಲಯದ ಹೊರಗಿವೆ. ಆದರೆ ಮೆರಿವೇಲ್‌ನಲ್ಲಿ ರಸ್ತೆ ದಾಟಿ ಉತ್ತರದ ಗುಡ್ಡಗಳಿಗೆ ಹೋಗುವುದಾದರೆ ಅಭ್ಯಾಸದ ವೇಳಾಪಟ್ಟಿ ನೋಡಿ. ಕೆಂಪು ಬಾವುಟ ಏರಿದ್ದರೆ ಒಳಗೆ ಹೋಗುವಂತಿಲ್ಲ.


ಬೆಟ್ಟದಹಾದಿ:

ಇಬ್ಬರಿಗೂ ತುಂಬಾ ಧನ್ಯವಾದ. ಅಡ್ಡ ನಿಂತ ನಿಲುಗಲ್ಲಿನ ವಿಷಯ ಬೇರೆಲ್ಲೂ ಇಷ್ಟು ಸ್ಪಷ್ಟವಾಗಿ ಸಿಕ್ಕಿರಲಿಲ್ಲ. ಚಾವಣಿಯ ಪ್ರಶ್ನೆ ಬಾಕಿ ಇದೆ. ಮರ, ಹುಲ್ಲು ಎಷ್ಟು ಬೇಕಾಗುತ್ತಿತ್ತು? ಹೊಗೆಗೆ ಮೇಲೆ ಕಿಂಡಿ ಇತ್ತೇ? ಬಾಗಿಲುಗಳೆಲ್ಲ ಆಗ್ನೇಯಕ್ಕೇ ಇರುತ್ತವೆ ಎಂದು ಓದಿದ್ದೇನೆ, ಅದು ನಿಯಮವೇ?


ಹುಲ್ಲುಸೂರು:

ಚಾವಣಿ ಒಂದೂ ಉಳಿದಿಲ್ಲ. ನಮಗೆ ಸಿಗುವುದು ಕಂಬದ ಗುಳಿ ಮತ್ತು ಗೋಡೆ, ಮಿಕ್ಕದ್ದನ್ನು ಭಾರ ಮತ್ತು ಮಳೆಯ ಲೆಕ್ಕ ಹೇಳಿಕೊಡುತ್ತದೆ. ಶಂಕುವಿನಾಕಾರದ ಚಾವಣಿ ಎಂಬುದರಲ್ಲಿ ಭಿನ್ನಾಭಿಪ್ರಾಯ ಹೆಚ್ಚಿಲ್ಲ. ಹುಲ್ಲು ಹೊದಿಸುವುದಾದರೆ ಇಳಿಜಾರು 45 ಡಿಗ್ರಿಯಷ್ಟು ಬೇಕು. ಅದಕ್ಕಿಂತ ಚಪ್ಪಟೆಯಾದರೆ ನೀರು ಹುಲ್ಲಿನ ತುದಿಯಿಂದ ತುದಿಗೆ ಜಾರದೆ ಒಳಗಿಳಿದು ಕೊಳೆಸುತ್ತದೆ.

ಒಂದು ಮನೆಯ ಲೆಕ್ಕ ಮಾಡೋಣ. ಒಳವ್ಯಾಸ 6 ಮೀಟರ್, ಗೋಡೆ 1.2 ಮೀಟರ್ ದಪ್ಪ. ಸೂರು ಗೋಡೆಯ ಹೊರಮುಖವನ್ನೂ ದಾಟಿ ಕನಿಷ್ಠ 30 ಸೆಂಟಿಮೀಟರ್ ಹೊರಗೆ ಬರಬೇಕು. ಇದನ್ನು ಅನೇಕ ಚಿತ್ರಕಾರರು ಮರೆಯುತ್ತಾರೆ. ಸೂರು ಗೋಡೆಯ ನಡುವಿಗೇ ನಿಂತರೆ ಹನಿಯೆಲ್ಲ ಕಲ್ಲುಮಣ್ಣಿನ ತುಂಬಿಗೆ ಇಳಿದು, ಚಳಿಗಾಲದಲ್ಲಿ ಹೆಪ್ಪುಗಟ್ಟಿ ಉಬ್ಬಿ ಹೊರಮುಖವನ್ನು ತಳ್ಳಿಬಿಡುತ್ತದೆ. ಹಾಗಾಗಿ ಸೂರಿನ ತ್ರಿಜ್ಯ 4.5 ಮೀಟರ್. 45 ಡಿಗ್ರಿಯಲ್ಲಿ ಶಿಖರ ಸೂರಿನಿಂದ 4.5 ಮೀಟರ್ ಮೇಲೆ, ಇಳಿಜಾರಿನ ಉದ್ದ 6.4 ಮೀಟರ್, ಹೊದಿಸಬೇಕಾದ ಮೇಲ್ಮೈ ಸುಮಾರು 90 ಚದರ ಮೀಟರ್. ಒಂದಡಿ ದಪ್ಪದ ಜೊಂಡಿನ ಹೊದಿಕೆ ಒಣಗಿದ್ದಾಗ ಚದರ ಮೀಟರಿಗೆ 35 ಕೆಜಿ ಆಸುಪಾಸು ತೂಗುತ್ತದೆ, ಅಂದರೆ ಮನೆಯ ಮೇಲೆ ಮೂರು ಟನ್ನಿಗೂ ಮೇಲೆ. ಮಳೆಯಲ್ಲಿ ಇನ್ನೂ ಹೆಚ್ಚು. ಹೆದರ್ ಅಥವಾ ಜೊಂಡಿನ ಬದಲು ಹುಲ್ಲುಹೆಂಟೆ ಹೊದಿಸಿದರೆ ಕಥೆಯೇ ಬೇರೆ. 10 ಸೆಂಟಿಮೀಟರ್ ದಪ್ಪದ ನೆಂದ ಹೆಂಟೆಗೆ ಚದರ ಮೀಟರಿಗೆ 150 ಕೆಜಿ ಹಿಡಿದರೂ 13 ಟನ್ ದಾಟುತ್ತದೆ. ಜೊತೆಗೆ 45 ಡಿಗ್ರಿಯಲ್ಲಿ ಅದು ಜಾರುತ್ತದೆ. ಹೆಂಟೆ ಹೊದಿಸಿದವರು ಇಳಿಜಾರು ತಗ್ಗಿಸಿ, ಒಳಗೆ ದಪ್ಪ ಕಂಬ ನಿಲ್ಲಿಸಲೇಬೇಕಿತ್ತು.

ಜಂತೆಗಳ ಮುಖ್ಯ ತೊಂದರೆ ಭಾರವಲ್ಲ, ಹೊರತಳ್ಳುವಿಕೆ. ಪ್ರತಿ ಜಂತೆಯ ಬುಡವೂ ಹೊರಗೆ ಜಾರಲು ನೋಡುತ್ತದೆ. ಇಲ್ಲಿ ದಪ್ಪಗೋಡೆಯ ಲಾಭ ಗೊತ್ತಾಗುತ್ತದೆ. ಜೊತೆಗೆ ಜಂತೆಗಳ ಮೇಲ್ಭಾಗದಲ್ಲಿ ಎಳೆಯ ಕೊಂಬೆಗಳನ್ನು ಸುತ್ತ ಹೆಣೆದು ಬಿಗಿದ ಬಳೆಯಂಥ ಪಟ್ಟಿಯಿದ್ದರೆ ಎಲ್ಲ ಜಂತೆಗಳೂ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ಶಿಖರದವರೆಗೆ ಹೋಗುವ ಜಂತೆ ಆರೆಂಟು ಸಾಕು. ಮಿಕ್ಕವನ್ನು ಮಧ್ಯಕ್ಕೇ ನಿಲ್ಲಿಸಬೇಕು, ಇಲ್ಲವಾದರೆ ತುದಿಯಲ್ಲಿ ಮರಗಳೇ ಗಂಟಾಗಿ ಹುಲ್ಲು ಕೂರಲು ಜಾಗ ಇರುವುದಿಲ್ಲ. ಆರೇಳು ಮೀಟರಿನ ಮನೆಗೆ ಒಳಗಂಬವೇ ಬೇಡ, ಅದಕ್ಕಿಂತ ದೊಡ್ಡದಕ್ಕೆ ಒಳಗೊಂದು ಕಂಬಗಳ ಸುತ್ತು ಬೇಕಾಗುತ್ತದೆ.

ಹೊಗೆಕಿಂಡಿ ಇರಲಿಲ್ಲ ಎಂದೇ ನನ್ನ ವಾದ. ಹ್ಯಾಂಪ್‌ಶೈರ್‌ನ ಬಟ್ಸರ್ ಪ್ರಾಚೀನ ಕೃಷಿಕ್ಷೇತ್ರದಲ್ಲಿ ಪುರಾತತ್ವಜ್ಞ ಪೀಟರ್ ರೆನಾಲ್ಡ್ಸ್ 1970ರ ದಶಕದಿಂದ ದುಂಡುಮನೆಗಳನ್ನು ಪೂರ್ಣಗಾತ್ರದಲ್ಲಿ ಕಟ್ಟಿ ಪರೀಕ್ಷಿಸಿದರು. ಡಾರ್ಸೆಟ್‌ನ ಪಿಂಪರ್ನ್‌ನಲ್ಲಿ ಅಗೆದು ಸಿಕ್ಕ, ಸುಮಾರು 13 ಮೀಟರ್ ವ್ಯಾಸದ ಮನೆಯನ್ನು 1976ರಲ್ಲಿ ಅಲ್ಲಿ ಎಬ್ಬಿಸಿದ್ದು ಅವುಗಳಲ್ಲಿ ಪ್ರಸಿದ್ಧವಾದದ್ದು. ಶಿಖರದಲ್ಲಿ ಕಿಂಡಿ ಬಿಟ್ಟರೆ ಬಾಗಿಲಿನಿಂದ ಗಾಳಿ ಸೆಳೆದು ಒಲೆ ತಿದಿ ಹಿಡಿದಂತೆ ಉರಿಯುತ್ತದೆ, ಕಿಡಿ ನೇರ ಹುಲ್ಲಿಗೆ ಹಾರುತ್ತದೆ. ಕಿಂಡಿ ಇಲ್ಲದಿದ್ದರೆ ಹೊಗೆ ಶಂಕುವಿನ ಮೇಲ್ಭಾಗದಲ್ಲಿ ಪದರವಾಗಿ ನಿಂತು, ನಿಧಾನಕ್ಕೆ ಹುಲ್ಲಿನ ಮೂಲಕ ಸೋಸಿಹೋಗುತ್ತದೆ. ಆ ಪದರದಲ್ಲಿ ಆಮ್ಲಜನಕ ಕಡಿಮೆ, ಕಿಡಿ ಅಲ್ಲೇ ಆರುತ್ತದೆ. ಹುಳು ಸಾಯುತ್ತವೆ, ಮೇಲೆ ನೇತುಹಾಕಿದ ಮಾಂಸ ಕೆಡುವುದಿಲ್ಲ. ಕೆಳಗೆ ಕೂತವರಿಗೆ ಹಸಿಸೌದೆ ಹಾಕದಿದ್ದರೆ ಅಷ್ಟೇನೂ ತೊಂದರೆಯಿಲ್ಲ.

ಆದರೆ ಬಟ್ಸರ್‌ನಲ್ಲಿ ಕಟ್ಟಿದ್ದು ಮುಖ್ಯವಾಗಿ ತಗ್ಗುನಾಡಿನ, ತಡಿಕೆಗೋಡೆಯ ಮನೆಗಳು. ಕಲ್ಲುಗೋಡೆಯ ಗುಡ್ಡದ ಮನೆಗೆ ಅದೇ ಮರದ ಲೆಕ್ಕ ಎತ್ತಿ ಹಾಕಬಾರದು.


ಪೀಟ್‌ಪದರ:

ಬಾಗಿಲ ದಿಕ್ಕಿನ ಬಗ್ಗೆ. ದಕ್ಷಿಣ ಮತ್ತು ಆಗ್ನೇಯದ ಕಡೆಗೆ ಒಲವಿರುವುದು ನಿಜ, ಅದು ನಿಯಮವಲ್ಲ. ಅಲ್ಲಿ ಗಾಳಿಮಳೆ ಬರುವುದು ಹೆಚ್ಚಾಗಿ ನೈಋತ್ಯದಿಂದ. ಆಗ್ನೇಯಕ್ಕೆ ಬಾಗಿಲಿಟ್ಟರೆ ಬೆನ್ನು ಗಾಳಿಗೆ, ಮುಖ ಬೆಳಗಿನ ಬಿಸಿಲಿಗೆ. ಕಿಟಕಿಯಿಲ್ಲದ ಮನೆಗೆ ಬಾಗಿಲೊಂದೇ ಬೆಳಕಿನ ದಾರಿ. ಆ ಅಕ್ಷಾಂಶದಲ್ಲಿ ನಡುಚಳಿಗಾಲದ ಸೂರ್ಯ ಹುಟ್ಟುವುದು ಉತ್ತರದಿಂದ ಸುಮಾರು 128 ಡಿಗ್ರಿಯಲ್ಲಿ, ವಿಷುವದಂದು 90ರಲ್ಲಿ. ನಿಮ್ಮ ಅಳತೆ 120, 130ರ ಆಸುಪಾಸು ಬಂತೆಂದು ಕೂಡಲೇ ಸೂರ್ಯಪೂಜೆ ಎಂದು ಬರೆಯಬೇಡಿ. ಗಾಳಿ ತಪ್ಪಿಸಿದರೂ ಅದೇ ಕೋನ ಬರುತ್ತದೆ, ಎರಡನ್ನೂ ಬೇರ್ಪಡಿಸಲು ಒಂದು ಮನೆಯಿಂದ ಆಗದು. ಇಳಿಜಾರೂ ಸೇರಿಕೊಳ್ಳುತ್ತದೆ, ಮೇಲ್ಬದಿಗೆ ಬಾಗಿಲಿಟ್ಟರೆ ಮಳೆನೀರು ನೇರ ಒಳಗೆ.

ಗ್ರಿಮ್ಸ್‌ಪೌಂಡ್‌ನ ಸುತ್ತುಗೋಡೆಯ ಹೆಬ್ಬಾಗಿಲನ್ನು ನೋಡಿ. ಸಮುದ್ರಮಟ್ಟದಿಂದ 450 ಮೀಟರ್ ಎತ್ತರದಲ್ಲಿ, ಎರಡು ಗುಡ್ಡಗಳ ನಡುವಿನ ತಗ್ಗಿನಲ್ಲಿ, 24 ಮನೆಗಳನ್ನು ಸುತ್ತುವರಿದು ಸುಮಾರು 150 ಮೀಟರ್ ಅಡ್ಡಗಲದ ಪೌಳಿ ಇದೆ. ಅದರ ಚಪ್ಪಡಿ ಹಾಸಿದ ಬಾಗಿಲು ತೆರೆಯುವುದು ಹ್ಯಾಮಲ್‌ಡೌನ್ ಗುಡ್ಡದ ಏರಿನ ಕಡೆಗೆ. ಶತ್ರುಭಯದಿಂದ ಕಟ್ಟಿದವರು ಮೇಲಿನಿಂದ ಕಲ್ಲುರುಳಿಸಬಹುದಾದ ಕಡೆಗೆ ಬಾಗಿಲಿಡುವುದಿಲ್ಲ. ಅದು ಕೋಟೆಯಲ್ಲ, ದನಕುರಿ ಕೂಡಿಹಾಕುವ ಪೌಳಿ. ಗ್ರಿಮ್ಸ್ ಲೇಕ್ ಎಂಬ ಸಣ್ಣ ತೊರೆ ಉತ್ತರದ ಅಂಚಿನಲ್ಲಿ ಪೌಳಿಯೊಳಗೇ ಹರಿಯುವಂತೆ ನೋಡಿಕೊಂಡಿರುವುದೂ ಅದಕ್ಕೇ ಹೊಂದುತ್ತದೆ.

ಡಾರ್ಟ್‌ಮೂರ್‌ನಲ್ಲಿ ಗುರುತಾಗಿರುವ ಹಟ್ ಸರ್ಕಲ್‌ಗಳು ಸುಮಾರು 5,000. ಆ ಸಂಖ್ಯೆಯನ್ನು ಐದರಿಂದ ಗುಣಿಸಿ ಜನಸಂಖ್ಯೆ ಹೇಳುವವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ. ಈ ಕಟ್ಟುವ ಪದ್ಧತಿ ಕ್ರಿ.ಪೂ. 1700ರ ಸುಮಾರಿಗೆ ಶುರುವಾಗಿ ನೂರಾರು ವರ್ಷ ನಡೆಯಿತು. ಎಲ್ಲವೂ ಒಟ್ಟಿಗೆ ನಿಂತಿರಲಿಲ್ಲ. ಎರಡು ಮೀಟರಿನಷ್ಟೇ ಇರುವ ಸಣ್ಣವು ಉಗ್ರಾಣ ಅಥವಾ ಕರುಗೂಡು ಆಗಿರಬಹುದು. ಇನ್ನೊಂದು ಕಡೆ, ಕಲ್ಲೇ ಬಳಸದ ಮರದ ದುಂಡುಮನೆಗಳ ಗುರುತು ಹೋಲ್ನ್ ಮೂರ್‌ನಲ್ಲಿ ಅಗೆದಾಗ ಸಿಕ್ಕಿದೆ. ಅಂಥವು ಮೇಲಿನಿಂದ ನೋಡಿದರೆ ಕಾಣುವುದೇ ಇಲ್ಲ. ಹೀಗೆ ಲೆಕ್ಕ ಎರಡೂ ಕಡೆ ತಪ್ಪುತ್ತದೆ.

ಮನೆಗಳನ್ನಷ್ಟೇ ನೋಡದೆ ಅವುಗಳ ನಡುವೆ ಓಡುವ ತಗ್ಗು ಕಲ್ಲುದಿಬ್ಬಗಳನ್ನೂ ಹಿಂಬಾಲಿಸಿ. ರೀವ್ ಎನ್ನುವ ಈ ದಿಬ್ಬಗಳು ಹೊಲಗಳ ಗಡಿ. ಕಣಿವೆಯನ್ನೂ ಲೆಕ್ಕಿಸದೆ ಕಿಲೋಮೀಟರ್‌ಗಟ್ಟಲೆ ಸಮಾನಾಂತರವಾಗಿ ಸಾಗುತ್ತವೆ. ಇವು ಇತಿಹಾಸಪೂರ್ವ ಕಾಲದವು ಎಂಬುದನ್ನು 1970ರ ದಶಕದಲ್ಲಿ ಪುರಾತತ್ವಜ್ಞ ಆಂಡ್ರ್ಯೂ ಫ್ಲೆಮಿಂಗ್ ತೋರಿಸಿಕೊಟ್ಟರು. ರೀವ್ ಬಂದು ಮನೆಗೋಡೆಗೆ ತಾಗಿ ನಿಂತಿದೆಯೇ, ಮನೆ ರೀವ್‌ನ ಮೇಲೆ ಕೂತಿದೆಯೇ, ಅಥವಾ ರೀವ್ ಮನೆಯನ್ನು ಬಳಸಿ ಬಾಗಿದೆಯೇ ಎಂದು ಬರೆದುಕೊಳ್ಳಿ. ಅಗೆಯದೆ ಹಿಂದುಮುಂದು ತಿಳಿಯಲು ನಿಮಗಿರುವ ದಾರಿ ಇದೊಂದೇ. ಮುಂದೆ ಯಾರಾದರೂ ಸಂಶೋಧಕರು ನಿಮ್ಮ ಟಿಪ್ಪಣಿ ಓದಿದರೆ ವ್ಯಾಸಕ್ಕಿಂತ ಮೊದಲು ಹುಡುಕುವುದು ಈ ಸಾಲನ್ನೇ.

ಒಳಗೆ ಏನು ಸಿಗುತ್ತಿತ್ತು ಎಂದು ಕೇಳುವವರಿಗೆ: ಆಮ್ಲೀಯ ಮಣ್ಣು, ಮೂಳೆ ಕರಗಿಹೋಗುತ್ತದೆ. ಹಳೆಯ ಅಗೆತಗಳಲ್ಲಿ ಇದ್ದಿಲು, ಒಲೆಗಲ್ಲು, ಅಡುಗೆಗುಳಿ, ಕಾಯಿಸಿ ನೀರಿಗೆ ಹಾಕಿ ಸೀಳಿದ ಕಲ್ಲುಗಳು, ಚಕ್‌ಮುಕಿ ಚೂರು, ಒಂದಿಷ್ಟು ಮಡಕೆ ಸಿಕ್ಕವು, ಲೋಹ ತೀರಾ ಕಡಿಮೆ. ಚೀನಾ ಜೇಡಿಯ (ಪಿಂಗಾಣಿಗೆ ಬಳಸುವ ಬಿಳಿ ಜೇಡಿಮಣ್ಣು) ಗಣಿಗಾರಿಕೆಗೆ ಮುಂಚೆ ಶಾ ಮೂರ್‌ನಲ್ಲಿ 1970ರ ದಶಕದ ಕೊನೆಗೆ ನಡೆದ ದೊಡ್ಡ ಅಗೆತದಲ್ಲಿ ಮಣ್ಣಿನ ಫಾಸ್ಫೇಟನ್ನೂ (ರಂಜಕದ ಲವಣ) ಅಳೆದರು. ಮೂಳೆ ಹೋದರೂ ರಂಜಕ ಮಣ್ಣಿನ ಕಬ್ಬಿಣ, ಅಲ್ಯೂಮಿನಿಯಂಗೆ ಅಂಟಿಕೊಂಡು ಉಳಿಯುತ್ತದೆ, ಅದನ್ನು ನೋಡಿ ಜನ, ದನ ಎಲ್ಲಿದ್ದರೆಂದು ಊಹಿಸಬಹುದು. ಕಂದಕದ ತಳದ ಕೆಸರಿನಲ್ಲಿ ದನ, ಕುರಿಗಳ ಗೊರಸಿನ ಅಚ್ಚು ಹಾಗೇ ಉಳಿದಿದ್ದವು.


ಸಂಗನಕಲ್ಲು_ಓದುಗ:

ಬಳ್ಳಾರಿ ಕಡೆಯ ಗುಡ್ಡಗಳನ್ನು ಬಲ್ಲವರಿಗೆ ಒಂದು ಸೂಚನೆ, ಅಭ್ಯಾಸಬಲದಿಂದ ತಪ್ಪು ಓದಬಾರದೆಂದು. ನಮ್ಮಲ್ಲಿ ದೊಡ್ಡ ಗುಂಡುಕಲ್ಲುಗಳ ಸುತ್ತು ಕಂಡರೆ ಅದು ಹೆಚ್ಚಾಗಿ ಕಬ್ಬಿಣಯುಗದ ಸಮಾಧಿ. 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯಲ್ಲಿ ಅಗೆದದ್ದು ಅಂಥವನ್ನೇ. ಸುತ್ತಿನ ನಡುವೆ ಕಲ್ಲುಚಪ್ಪಡಿಯ ಪೆಟ್ಟಿಗೆ, ಅದರ ಒಂದು ಚಪ್ಪಡಿಯಲ್ಲಿ ದುಂಡು ಕಿಂಡಿ. ಅದೇ ಕಣ್ಣಿನಿಂದ ಡಾರ್ಟ್‌ಮೂರ್ ನೋಡಿದರೆ ಮನೆಗಳನ್ನೆಲ್ಲ ಗೋರಿ ಎನ್ನುವ ಅಪಾಯವಿದೆ. ಕಲ್ಲುಗೋಡೆಯವರು ಹೇಳಿದ ಪರೀಕ್ಷೆ ಇಲ್ಲಿಗೂ ಸಲ್ಲುತ್ತದೆ. ನಮ್ಮ ಸಮಾಧಿಸುತ್ತಿನಲ್ಲಿ ಕಲ್ಲು ಸಾಮಾನ್ಯವಾಗಿ ಒಂಟಿಸಾಲು, ಒಳಮುಖ ಹೊರಮುಖ ಎಂಬುದಿಲ್ಲ, ಬಾಗಿಲಿಲ್ಲ, ನಡುಭಾಗ ಉಬ್ಬಿರುತ್ತದೆ.

ಅವರ ದುಂಡುಮನೆಗಳಿಗೆ ಕಾಲದಲ್ಲೂ ರೂಪದಲ್ಲೂ ಹತ್ತಿರವಾದವು ನಮ್ಮ ನವಶಿಲಾಯುಗದ ಗುಡ್ಡದ ನೆಲೆಗಳು, ತೆಕ್ಕಲಕೋಟೆ ಮತ್ತು ಸಂಗನಕಲ್ಲು. ತೆಕ್ಕಲಕೋಟೆಯಲ್ಲಿ 1963–64ರಲ್ಲಿ ಎಂ.ಎಸ್. ನಾಗರಾಜ ರಾವ್ ಮತ್ತು ಕೆ.ಸಿ. ಮಲ್ಹೋತ್ರಾ ಅಗೆದಾಗ ಗ್ರಾನೈಟ್ ಗುಂಡುಗಳ ನಡುವಿನ ಸಮತಟ್ಟುಗಳಲ್ಲಿ ದುಂಡು ಗುಡಿಸಲುಗಳ ನೆಲ ಸಿಕ್ಕಿತು. ಎರಡೂ ಕಡೆ ಗ್ರಾನೈಟೇ, ಆದರೂ ಗೋಡೆ ಬೇರೆ. ಇಲ್ಲಿ ಕಂಬ ನೆಟ್ಟು, ತಡಿಕೆ ಹೆಣೆದು ಮಣ್ಣು ಮೆತ್ತಿದ್ದು. ಕಲ್ಲು ಬುಡಕ್ಕೆ ಆಧಾರವಾಗಿ ಮಾತ್ರ. ಹಾಗಾಗಿ ಮಣ್ಣುಗೋಡೆ ಕರಗಿದ ಮೇಲೆ ಮೇಲ್ನೋಟಕ್ಕೆ ಏನೂ ಉಳಿಯುವುದಿಲ್ಲ. ಸುಟ್ಟ ಮಣ್ಣಿನ ಹೆಂಟೆಯ ಮೇಲೆ ತಡಿಕೆಯ ಅಚ್ಚು, ಬಂಡೆಯ ಮೇಲೆ ಅರೆದು ಸವೆದ ನುಣುಪು ಗುಳಿ, ಕಲ್ಲುಕೊಡಲಿಯ ಚಕ್ಕೆಗಳು, ಇವನ್ನು ಹಿಡಿದೇ ಮನೆಯ ಜಾಗ ಹುಡುಕಬೇಕು. ಡಾರ್ಟ್‌ಮೂರ್‌ನಲ್ಲಿ ಗೋಡೆ ಉಳಿದು ಮೂಳೆ ಹೋಗಿದೆ, ಬಳ್ಳಾರಿಯಲ್ಲಿ ಗೋಡೆ ಹೋಗಿ ದನದ ಮೂಳೆ ರಾಶಿ ಉಳಿದಿದೆ.

ಊರಿಗೆ ಬಂದಾಗ ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ಸಂಗ್ರಹಾಲಯ ನೋಡಿ. ಕಲ್ಲುಕೊಡಲಿ ಮಾಡುತ್ತಿದ್ದ ಹಿರೇಗುಡ್ಡ ಅಲ್ಲಿಂದ ದೂರವಿಲ್ಲ.


ಬೆಟ್ಟದಹಾದಿ:

ಎಲ್ಲರಿಗೂ ಮತ್ತೊಮ್ಮೆ ಧನ್ಯವಾದ. ಹಾಗಾದರೆ ನಮ್ಮ ಕ್ರಮ ಹೀಗೆ: ಗ್ರಿಮ್ಸ್‌ಪೌಂಡ್‌ನಲ್ಲಿ ಅಳತೆ ಬಿಟ್ಟು ಬರೀ ಕಣ್ಣು ಪಳಗಿಸಿಕೊಳ್ಳುವುದು, ಮೆರಿವೇಲ್‌ನಲ್ಲಿ ರಸ್ತೆಯ ದಕ್ಷಿಣಕ್ಕೆ ಎರಡು ಮನೆಗಳನ್ನು 1:100ರಲ್ಲಿ ಬರೆಯುವುದು. ರೀವ್ ಮನೆಗೆ ತಾಗುವ ಜಾಗ ಸುಲಭವಾಗಿ ಕಾಣುವುದು ಎಲ್ಲಿ, ಒಂದು ಹೆಸರು ಹೇಳಿದರೆ ಸಾಕು.


ಪೀಟ್‌ಪದರ:

ಹೋಲ್ನ್ ಮೂರ್. ಡಾರ್ಟ್‌ಮೀಟ್ ಸುತ್ತಲಿನ ಸಮಾನಾಂತರ ರೀವ್‌ಗಳ ವ್ಯವಸ್ಥೆ ಅಲ್ಲಿಗೂ ಚಾಚಿದೆ. ಹೋಗುವ ಮುಂಚೆ ಲೈಡಾರ್‌ನಲ್ಲಿ ಸಾಲುಗಳನ್ನು ಗುರುತು ಹಾಕಿಕೊಂಡು, ಸಂಜೆಬೆಳಕಿನಲ್ಲಿ ಒಂದು ರೀವ್ ಹಿಡಿದು ಅದರ ಗುಂಟವೇ ನಡೆಯಿರಿ. ರೀವ್‌ನ ಎರಡೂ ಪಕ್ಕ ಇಪ್ಪತ್ತು ಹೆಜ್ಜೆಯೊಳಗೆ ಕಣ್ಣಾಡಿಸುತ್ತಾ ಹೋದರೆ ಮನೆ ಸಿಗುತ್ತದೆ.